ಆಯಿ ಏನು ಉಂಡಳೆಂದು ಕೇಳಿದ ಮಾಸ್ತರರು

ನಮ್ಮ ಮಾಸ್ತರರ ಬಲಗೈ ತೋರುಬೆರಳು ಆ ಚಳಿಗಾಲವೆಲ್ಲ ಉಗುರಿನ ಸಂದಿಯವರೆಗೂ ಕೆಂಪಾಗಿತ್ತು. ಖಾನೇಸುಮಾರಿಗೆಂದು, ಅಂದರೆ ಜನಗಣತಿಗೆಂದು, ಸವದತ್ತಿ ಸೀಮೆಯ ನಮ್ಮೂರಿನ ಬಾಗಿಲುಬಾಗಿಲಿಗೂ ಕೆಮ್ಮಣ್ಣಿನಲ್ಲಿ ಅಂಕಿ ಬರೆದವರು ಅವರೇ. ಕುಂಚ ಕೊಟ್ಟಿದ್ದರೂ ಬೆರಳಲ್ಲೇ ಬರೆಯುತ್ತಿದ್ದರು. ಆ ಬೆರಳಿನಿಂದಲೇ ಮೀಸೆ ತಿರುವಿ, ಅರ್ಧ ಕೆಂಪು ಮೀಸೆಯಲ್ಲಿ ಸಾಲೆಗೆ ಬಂದು ನಮ್ಮನ್ನು ನಗಿಸುತ್ತಿದ್ದರು.

ಜನ ಎಣಿಸುವುದೆಂದರೆ ಮನೆಯ ಯಜಮಾನ ಹೇಳಿದ್ದನ್ನು ಬರೆದುಕೊಂಡು ಎದ್ದುಹೋಗುವುದು. ಇವರು ಹಾಗಲ್ಲ. ವಯಸ್ಸು ಬರೆದ ಮೇಲೆ, ಸರಕಾರ ಕೇಳದ ಪ್ರಶ್ನೆಯೊಂದು ಇವರದೇ ಇತ್ತು.

ನಮ್ಮದು ಊರಿಗೇ ದೊಡ್ಡ ಮನೆ. ನೆಲದೊಳಗೆ ಎರಡು ಹಗೇವು ತುಂಬ ಜೋಳ. ಅಪ್ಪ ಕಟ್ಟೆಯ ಮೇಲೆ ಕುಳಿತು ಎಲ್ಲರ ವಯಸ್ಸೂ ಹೇಳಿದ. ತನ್ನ ತಾಯಿ, ನಮ್ಮ ಆಯಿಯ ಸರದಿ ಬಂದಾಗ, "ಮುದುಕೀದು ಅರವತ್ತೋ ಎಪ್ಪತ್ತೋ, ಏನರ ಬರಕೋರಿ" ಅಂದ.

ಮಾಸ್ತರರು ಬೀಸುಕಲ್ಲಿನ ಹತ್ತಿರ ಕುಳಿತಿದ್ದ ಆಯಿಯ ಕಡೆಗೇ ತಿರುಗಿದರು. "ಅವ್ವಾರ, ಮುಂಜಾನಿ ಉಂಡೀರಿ?"

ಆಯಿ ಮೊದಲು ಅಪ್ಪನ ಮುಖ ನೋಡಿದಳು. "ಉಂಡೇನಪಾ, ಉಂಡೇನಿ."

"ಏನ್ ಉಂಡ್ರಿ?"

ಆಯಿ ಬೀಸುಕಲ್ಲಿನ ಮೇಲಿನ ಹಿಟ್ಟು ಒರೆಸತೊಡಗಿದಳು. ನಮ್ಮಲ್ಲಿ ಗಂಡಸರು ಮೊದಲು, ಆಮೇಲೆ ಮಕ್ಕಳು, ಸೊಸೆಯರು; ರೊಟ್ಟಿ ಬುಟ್ಟಿಯಲ್ಲಿ ಏನಾದರೂ ಉಳಿದರೆ ಆಯಿ. ಅಂದು ಉಳಿದಿರಲಿಲ್ಲ. ಹೆಚ್ಚಿನ ದಿನ ಉಳಿಯುತ್ತಲೇ ಇರಲಿಲ್ಲ.

ಅಪ್ಪ ಕೆಂಡವಾದ. "ಮಾಸ್ತರ, ಸರಕಾರ ನಿಮಗ ತಲಿ ಎಣಸಂತ ಹೇಳೈತಿ, ಹೊಟ್ಟಿ ಎಣಸಂತಲ್ಲ!"

ಬೇಸಿಗೆಯಲ್ಲಿ ಊರ ಹಿರಿಯರು ಬಡವರ ಮನೆಗಳಿಗೆ ಜೋಳ ಹಂಚುವ ಪದ್ಧತಿಯಿತ್ತು. ಆ ವರ್ಷ ಚಾವಡಿಯಲ್ಲಿ ಮಾಸ್ತರರು ಎದ್ದು ನಿಂತರಂತೆ. "ಮನಿ ನೋಡಿ ಹಂಚಬ್ಯಾಡ್ರಿ, ವಯಸ್ಸು ನೋಡಿ ಹಂಚ್ರಿ. ಎಣಿಸಿದ ಮಂದೀನ್ನ ವಯಸ್ಸಿನ ಪರಕಾರ ಗುಂಪು ಮಾಡಿ ನೋಡೇನಿ. ದುಡಿಯೋ ವಯಸ್ಸಿನವರು ಹೆಂಗರ ಉಣತಾರ. ಹಾಲು ಬಿಟ್ಟ ಕೂಸು, ದುಡಿಮಿ ಬಿಟ್ಟ ಮುದುಕರು, ಇವರ ಹೊಟ್ಟಿ ಖಾಲಿ ಐತಿ. ದೊಡ್ಡ ಮನ್ಯಾಗೂ ಐತಿ. ಅವರವರ ಕೈಯಾಗ ಕೊಡ್ರಿ."

ದೊಡ್ಡ ಮನೆ ಅಂದದ್ದೇ ತಪ್ಪಾಯಿತು. "ನನ್ನ ತಾಯಿಗೆ ಧರ್ಮದ ಜ್ವಾಳ ಅಂತೀರಿ?" ಎಂದು ಅಪ್ಪ ಹಾರಾಡಿದ. ಜೋಳ ಎಂದಿನಂತೆ ಮನೆ ನೋಡಿಯೇ ಹೋಯಿತು. ಮಾಸ್ತರರನ್ನು ಕಿತ್ತೂರಿನಾಚೆಗೆ ವರ್ಗ ಮಾಡಿಸಿದರು.

ಆಯಿ ಆ ಬೇಸಿಗೆ ದಾಟಲಿಲ್ಲ. ವಯಸ್ಸಾಗಿತ್ತು, ಹೋದಳು ಅಂದರು ಮನೆಯವರು. ವಯಸ್ಸಂತೆ, ವಯಸ್ಸು! ಜೋಳದ ಹಗೇವಿನ ಮೇಲೆ ಕುಳಿತು ಹಸಿದು ಸತ್ತಳು ಎನ್ನುವ ಬಾಯಿ ಊರಿನಲ್ಲಿ ಒಂದೇ ಇತ್ತು, ಅದನ್ನೂ ಓಡಿಸಿಬಿಟ್ಟಿದ್ದರು.

ಕೆಲವು ವರ್ಷಗಳ ಮೇಲೆ ನಾನು ಬೈಲಹೊಂಗಲಕ್ಕೆ ಸೊಸೆಯಾಗಿ ಹೋದೆ. ಅದೇ ಓಣಿಯಲ್ಲಿ ಮಾಸ್ತರರ ಮಗನ ಮನೆ. ನೌಕರಿ ಮುಗಿಸಿ ಅಲ್ಲಿಯೇ ಇದ್ದರು, ಕಟ್ಟೆಯ ಮೂಲೆಯಲ್ಲಿ, ಒಂದು ಕಂಬಳಿಯ ಮೇಲೆ. ನಾನು ಸೆರಗಿನಲ್ಲಿ ಮುಚ್ಚಿಕೊಂಡು ಬಿಸಿರೊಟ್ಟಿ ಒಯ್ದರೆ ಅತ್ತಿತ್ತ ನೋಡಿ ಗಬಗಬ ತಿನ್ನುತ್ತಿದ್ದರು. "ಮಗಳ, ಯಾರಿಗೂ ಹೇಳಬ್ಯಾಡ. ನನ್ನ ಮಗನ ಹೆಸರು ಕೆಡತೈತಿ." ನನ್ನ ಮೈ ಉರಿದುಹೋಯಿತು. ಇಡೀ ಚಾವಡಿಗೆ ಎದುರು ನಿಂತ ಮನುಷ್ಯ ಇವರು!

ಮುಂದಿನ ಖಾನೇಸುಮಾರಿ ಬಂತು. ಹೊಸ ಮಾಸ್ತರನೊಬ್ಬ ಮಗನ ಎದುರು ಕುಳಿತು ಬರೆದುಕೊಂಡ. ಮೂಲೆಯಿಂದ ನಮ್ಮ ಮಾಸ್ತರರು, "ತಮ್ಮಾ, ನನ್ನೂ ಒಂದ್ ಮಾತ ಕೇಳಪಾ" ಅಂದರು.

"ನಿಮ್ಮದೆಲ್ಲಾ ನಿಮ್ಮ ಮಗಾ ಹೇಳ್ಯಾರ್ರಿ ಅಜ್ಜಾರ" ಎಂದು ಅವನು ಎದ್ದೇ ಹೋದ.

ಸಂಜೆ ನಾನು ಕೇಳಿದೆ. "ಅವಾ ಕೇಳಿದ್ದರ ಏನ್ ಹೇಳತಿದ್ರಿ?"

"ನಿಮ್ಮ ಆಯಿ ಹೇಳಿದ್ದನ್ನ. ಉಂಡೇನಿ ಅಂತಿದ್ದೆ." ಕಂಬಳಿ ಕೊಡವಿ ಹಾಸಿಕೊಳ್ಳುತ್ತಾ, "ಆದರ ಅವಾ ಕೇಳಬೇಕಾಗಿತ್ತವಾ" ಅಂದರು.

ಮಳೆಗಾಲಕ್ಕೆ ಮುಂಚೆ ತೀರಿಕೊಂಡರು. ತಿಥಿಯ ದಿನದ ಊಟಕ್ಕೆ ಮಗ ಓಣಿಗೆಲ್ಲ ಹೋಳಿಗೆ ಹಾಕಿಸಿದ. ನಾನು ಹೋಗಲಿಲ್ಲ.

ಇಂದಿಗೂ ಯಾರ ಮನೆಗೆ ಹೋದರೂ ಮೊದಲು ಅಲ್ಲಿಯ ಮುದುಕರ ಹತ್ತಿರ ಕುಳಿತು, ಉಂಡಿರಾ ಎಂದು ಕೇಳುತ್ತೇನೆ. ಎಲ್ಲರೂ ಉಂಡೇನಿ ಅನ್ನುತ್ತಾರೆ. ನಾನು ಏಳುವುದಿಲ್ಲ, ಏನು ಉಂಡಿರಿ ಎಂದು ಮತ್ತೆ ಕೇಳುತ್ತೇನೆ.