ಅಮೆರಿಕದ ಹುಡುಗಿಯರ ಜ್ವರ

ಅಮೆರಿಕದವರೆಲ್ಲ ಎಡಗೈಯಲ್ಲಿ ಉಣ್ಣುತ್ತಾರೆ ಎಂದು ನಾನು ಬಹಳ ವರ್ಷ ನಂಬಿದ್ದೆ. ನಾನೊಬ್ಬಳೇ ಅಲ್ಲ, ಇಳಕಲ್ಲಿನ ನಮ್ಮ ಓಣಿಯ ಹೆಂಗಸರೆಲ್ಲ ನಂಬಿದ್ದರು. ತಪ್ಪು ನಮ್ಮದಲ್ಲ. ಊರಿಗೆ ಬಂದ ಸಿನೆಮಾ ಡೇರೆಯಲ್ಲಿ ಗಂಡಸರನ್ನು ಪರದೆಯ ಮುಂದೆ, ಹೆಂಗಸರನ್ನು ಪರದೆಯ ಹಿಂದೆ ಕೂರಿಸಿದ್ದರು. ಪರದೆಗೆ ನೀರು ಹೊಡೆದು ತೋಯಿಸಿದರೆ ಚಿತ್ರ ನಮ್ಮ ಕಡೆಗೂ ಮೂಡುತ್ತಿತ್ತು, ಆದರೆ ಎಡ ಬಲ ಅದಲುಬದಲಾಗಿ. ಇದನ್ನು ನಮಗೆ ಯಾರೂ ಹೇಳಲಿಲ್ಲ. ಗಂಡಸರಿಗೆ ಹೊಳೆದಿರಲೂ ಇಲ್ಲ ಬಿಡಿ.

ಆ ಆಟ ನೋಡುವಾಗ ನಾನು ಜೀವ ಕೈಯಲ್ಲಿ ಹಿಡಿದು ಕೂತಿದ್ದೆ. ಕಾರಣ ನನ್ನ ತಲೆ. ನನ್ನನ್ನು ಗುಡೂರಿನ ನೇಕಾರರ ಮನೆಗೆ ಕೊಡುವುದೆಂದು ಮಾತಾಗಿತ್ತು. ಹೆಣ್ಣು ನೋಡಲು ಬಂದಾಗ ಅತ್ತೆಯಾಗುವವರು ನನ್ನ ಜಡೆ ಬಿಚ್ಚಿ, ಗೇಣು ಹಾಕಿ ನೋಡಿದ್ದರು. ಆಗಿನ ಪದ್ಧತಿಯೇ ಹಾಗೆ. ಚೌರಿ ಸೇರಿಸಿ ಉದ್ದ ಜಡೆ ತೋರಿಸುವ ಹುಷಾರಿ ಜನ ಇದ್ದರಲ್ಲ. ನನ್ನದು ಅಪ್ಪಟ ಜಡೆ, ಮೊಣಕಾಲು ಮುಟ್ಟುವಂಥದು. ಅವರು ಒಪ್ಪಿ, ವೀಳ್ಯ ಕೊಟ್ಟು ಹೋದರು.

ಅವರು ಹೋದ ಮೇಲೆ ನನಗೆ ವಿಷಮಜ್ವರ ಬಂತು. ಒಂದು ತಿಂಗಳು ಎದ್ದು ಕೂರಲಾಗಲಿಲ್ಲ. ಕೂದಲು ಉದುರತೊಡಗಿದಾಗ ಹಿಂದಿನ ಓಣಿಯ ಹಕೀಮರು ಉಳಿದದ್ದನ್ನೂ ಕತ್ತರಿಸಿಬಿಡಿ ಎಂದರು. ಜೀವ ಉಳಿಯಿತು, ಕೂದಲು ಮಾತ್ರ ಕಿವಿಯ ಮಟ್ಟಕ್ಕೆ ಬಂದು ನಿಂತಿತು. ಆಗಿನ ಲೆಕ್ಕದಲ್ಲಿ ನಾನು ಮದುವೆಗೆ ತಡವಾದವಳು. ಬೋಡು ತಲೆಯ ಸೊಸೆ ಬೇಡ ಎಂದು ಬೀಗರು ಹಿಂದೆ ಸರಿದರೆ ಇನ್ನೊಬ್ಬರು ಬರುವಂತಿರಲಿಲ್ಲ. ಅವ್ವ ನನ್ನನ್ನು ಹೊರಗೆ ಬಿಡುವುದನ್ನೇ ನಿಲ್ಲಿಸಿದಳು.

ಸೆರಗಿನ ಎಳೆಗಳನ್ನು ಸೀರೆಯ ಮೈಯ ಎಳೆಗಳಿಗೆ ಕೊಂಡಿ ಹಾಕಿ ಕೂಡಿಸುವುದರಲ್ಲಿ ಅವ್ವ ಓಣಿಗೇ ಹೆಸರಾದವಳು. "ಸಾವಿರಾರು ಎಳಿ ಕೂಡಸ್ತೇನಿ, ಒಂದ್ ಜಡಿ ಕೂಡಸಲಾರೆನೇನು?" ಎಂದು, ಕತ್ತರಿಸಿದ ನನ್ನ ಕೂದಲಿನಿಂದಲೇ ಚೌರಿ ಮಾಡಿ ತಲೆಗೆ ಬಿಗಿದಳು. ಮೇಲೆ ಸೆರಗು ಹೊದಿಸಿದರೆ ಹಿಂದೆ ಜಡೆಯಷ್ಟೇ ಕಾಣುತ್ತಿತ್ತು. ಕೂದಲು ನನ್ನದೇ, ಹಾಗಾಗಿ ಇದು ಮೋಸವಲ್ಲ ಎಂಬುದು ಅವ್ವನ ವಾದ.

ಮದುವೆ ಹತ್ತಿರ ಬಂದಾಗ ಅತ್ತೆಯವರು ಜವಳಿ ಆರಿಸಲು ಇಳಕಲ್ಲಿಗೆ ಬಂದರು. ಊರಲ್ಲಿ ಡೇರೆ ಕಂಡದ್ದೇ, "ಅಮೆರಿಕಾ ತೋರಸ್ತಾರಂತ, ನಡೀರಿ ಬೀಗತಿ" ಎಂದರು. ಅವ್ವ ತಲೆನೋವು ಅಂದಳು. "ಹಂಗಾರ ನೀವ್ ಮಲಕೋರಿ, ನಾ ಸೊಸಿನ್ನ ಕರಕೊಂಡ್ ಹೋಗ್ತೇನಿ." ಅವ್ವನ ತಲೆನೋವು ಅಲ್ಲೇ ವಾಸಿಯಾಯಿತು.

ದೀಪ ಹಚ್ಚುವ ಹೊತ್ತಿಗೆ ಹೋಗಿ ಕೂತೆವು. ನಾನು ಮುಂದೆ, ನನ್ನ ಬೆನ್ನಿಗೆ ಅತ್ತೆ, ಅವರ ಪಕ್ಕ ಅವ್ವ. ನೇಕಾರರ ಹೆಂಗಸರು ಮೊದಲು ನೋಡಿದ್ದು ಅಮೆರಿಕವನ್ನಲ್ಲ, ಪರದೆಯ ಬಟ್ಟೆಯನ್ನು. ನೇಯ್ಗೆ ಸಡಿಲ ಎಂದು ತೀರ್ಪು ಕೊಟ್ಟ ಮೇಲೆಯೇ ಆಟ ಶುರುವಾಯಿತು.

ಮಾತಿಲ್ಲದ ಚಿತ್ರ ಅದು. ಗಂಡಸರ ಕಡೆ ಒಬ್ಬ ಕೋಲು ಹಿಡಿದು ನಿಂತು ಕೂಗಿ ವಿವರಿಸುತ್ತಿದ್ದ. "ಅಮೆರಿಕಾದಾಗ ಸರಕಾರ ದಾರೂ ಬಂದ್ ಮಾಡೈತಿ." ಅಂಥ ಸರಕಾರ ನಮಗೂ ಬರಲಿ ಎಂದು ನಮ್ಮ ಕಡೆ ಹತ್ತು ಬಾಯಿ ಹರಸಿದವು. ಅಷ್ಟರಲ್ಲಿ ಒಬ್ಬ ಸಾಹೇಬ ಹಿತ್ತಲ ಬಾಗಿಲು ತಟ್ಟಿ ಒಳಗೆ ಹೋಗಿ, ಚಹಾದ ಕಪ್ಪಿನಲ್ಲಿ ಏನನ್ನೋ ಕುಡಿದು ತೂರಾಡಿದ. "ಅಲ್ಲಿನೂ ನಮ್ಮ ಓಣಿ ಗಂಡಸರ ಅದಾರಲ್ಲ" ಎಂದಳು ಒಬ್ಬಳು. ಅಲ್ಲಿ ಹೆಂಗಸರೂ ಓಟು ಹಾಕಿ ಆಳುವವರನ್ನು ಆರಿಸುತ್ತಾರೆ ಎಂದು ಕೋಲಿನವನು ಕೂಗಿದ. "ನಮಗ ಗಂಡನ್ನೂ ಆರಸಾಕ ಬಿಟ್ಟಿಲ್ಲ" ಎಂದು ಮೂಲೆಯಿಂದ ಒಂದು ಮುದುಕಿ ಹೇಳಿತು. ನಗು ನಿಲ್ಲಲು ಬಹಳ ಹೊತ್ತಾಯಿತು.

ಆಮೇಲೆ ಕುಣಿತ ಬಂತು. ನಮ್ಮಂತೆಯೇ ಕಪ್ಪು ಮೈಬಣ್ಣದ ವಾದ್ಯದವರು ಹೊಳೆಯುವ ಕೊಂಬುಗಳನ್ನು ಊದುತ್ತಿದ್ದರು. ಅದು ಜಾಝ್ ಎಂದು ನಾನು ಕೇಳಿದ್ದು ಎಷ್ಟೋ ವರ್ಷದ ಮೇಲೆ. ಡೇರೆಯಲ್ಲಿ ಕೇಳಿಸಿದ್ದು ಹಾರ್ಮೋನಿಯಂನ ನಾಟಕದ ಮಟ್ಟು, ಅದೇನೂ ಕೆಡುಕಾಗಿರಲಿಲ್ಲ. ಅಷ್ಟರಲ್ಲಿ ಹತ್ತು ಹನ್ನೆರಡು ಹುಡುಗಿಯರು ಓಡಿ ಬಂದರು. ಮೊಣಕಾಲು ಕಾಣುವ ಲಂಗ. ಎಲ್ಲರ ಕೂದಲೂ ಕಿವಿಯ ಮಟ್ಟಕ್ಕೆ.

ನಾನು ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡೆ. ಇನ್ನು ಎಲ್ಲರೂ ಕೂದಲಿನ ಮಾತೇ ಆಡುತ್ತಾರೆ ಎಂದುಕೊಂಡೆ, ಹಾಗೇ ಆಯಿತು. ಗಂಡ ಸತ್ತವರಿರಬೇಕು ಎಂದಳು ಒಬ್ಬಳು. ದೇವರಿಗೆ ಮುಡಿ ಕೊಟ್ಟಿರಬೇಕು ಎಂದಳು ಇನ್ನೊಬ್ಬಳು.

"ಮುಡಿ ಕೊಟ್ಟಿದ್ರ ಪೂರಾ ಬೋಳಿಸ್ತಿದ್ರು" ಎಂದರು ನನ್ನ ಅತ್ತೆ. "ಇದು ವಿಷಮಜ್ವರ. ಆ ಊರಾಗ ಒಂದ್ ಮನಿನೂ ಬಿಟ್ಟಂಗಿಲ್ಲ, ಪಾಪ." ಸ್ವಲ್ಪ ಹೊತ್ತು ನೋಡಿ ಮತ್ತೆ ಹೇಳಿದರು, "ಖರೆ, ಅವರ ಅವ್ವಗೋಳು ಭಾಳ ಶಾಣ್ಯಾರು. ಕೂದಲು ಹೋತಂತ ಮಗಳನ್ನ ಮುಚ್ಚಿಟ್ಟಿಲ್ಲ. ಜೀವ ಉಳದೈತಿ, ಹೋಗಿ ಕುಣಿಯವ್ವ ಅಂತ ಕಳಿಸ್ಯಾರ."

ನನಗೆ ಅಳು ಬಂತು, ಸಿಟ್ಟೂ ಬಂತು. ಸಾವಿನ ಬಾಗಿಲು ತಟ್ಟಿ ಬಂದವಳು ನಾನು, ಮನೆಯಲ್ಲಿ ಕಳ್ಳಿಯ ಹಾಗೆ ಕೂತಿದ್ದೆ. ತಿರುಗಿ ಹೇಳಿಯೇಬಿಟ್ಟೆ. "ಅತ್ತಿಯವರ, ನನಗೂ ಅದ ಜ್ವರ ಬಂದಿತ್ತು." ಚೌರಿ ಕಿತ್ತು ತೋರಿಸಲು ಕೈ ಹಿಂದೆ ಹಾಕಿದೆ. ಚೌರಿ ಇರಲಿಲ್ಲ.

ಅತ್ತೆ ನನ್ನ ಅಂಗೈಯಲ್ಲಿ ಮೆತ್ತಗಿನದೇನನ್ನೋ ಇಟ್ಟರು. "ಆಗಳೇ ನನ್ನ ಉಡ್ಯಾಗ ಬಿತ್ತು. ಮೊದಲ ಹಾವಂತ ಅಂಜಿದ್ದೆ." ಆಮೇಲೆ ಪಕ್ಕಕ್ಕೆ ತಿರುಗಿ, "ಬೀಗತಿ, ನೀವು ಎಳಿ ಅಷ್ಟ ಕೂಡಸ್ರಿ" ಎಂದರು. ಅತ್ತೆಯ ಕೈ ನನ್ನ ತಲೆಯ ಮೇಲೆ ಆಟ ಮುಗಿಯುವ ತನಕ ಇತ್ತು.

ಅಮೆರಿಕದ ಆ ಹುಡುಗಿಯರದು ಜ್ವರವಲ್ಲ, ಆ ಕಾಲದ ಶೋಕಿ ಎಂದು ಬಾಗಲಕೋಟೆಯಲ್ಲಿ ಓದುತ್ತಿದ್ದ ನನ್ನ ಮಗಳು ಮುಂದೆ ತಿಳಿಸಿ ಹೇಳಿದಳು. ಅತ್ತೆ ಕಂಡಿಕೆಗೆ ನೂಲು ಸುತ್ತುವುದನ್ನು ನಿಲ್ಲಿಸಲೇ ಇಲ್ಲ. "ಯಾವಾಕಿ ಸುಮ್ಮಸುಮ್ಮನ ಕೂದಲು ಕತ್ತರಸ್ಕೊಂತಾಳ? ಜ್ವರಾನ ಅದು. ಹೇಳಾಕ ನಾಚಿಕಿ ಅವಕ್ಕ."

ನಾನು ಅವರ ಪರವೇ ನಿಂತೆ. ಹೇಗೆ ನಿಲ್ಲದಿರಲಿ? ಮದುವೆಯ ದಿನ ಹೂವಿನ ದಂಡೆ ಕಟ್ಟಲು ನನ್ನ ಕೂದಲು ಸಾಲಲಿಲ್ಲ. ಅತ್ತೆಯೇ ಬಂದು ದಂಡೆಯ ದಾರವನ್ನು ನನ್ನ ಗದ್ದದ ಕೆಳಗೆ ತಂದು ಗಂಟು ಹಾಕಿದರು, ಸೆರಗನ್ನು ತಲೆಯಿಂದ ಹಿಂದಕ್ಕೆ ಸರಿಸಿದರು. ಬೀಗರ ಪೈಕಿಯ ಹೆಂಗಸೊಬ್ಬಳು ಇದೇನು ಹುಡುಗಿಯ ತಲೆ ಹೀಗೆ ಎಂದು ಎಲ್ಲರೆದುರು ಕೇಳಿದಳು.

"ಅಮೆರಿಕಾದಾಗ ಎಲ್ಲಾ ಹುಡಿಗ್ಯಾರದೂ ಹಿಂಗ ಐತಿ" ಎಂದರು ಅತ್ತೆ. "ನಾ ನೋಡಿ ಬಂದೇನಿ."