ಬಂದೂಕಿಗಿಟ್ಟ ಬೊಟ್ಟು

ಆಯುಧಪೂಜೆಯ ಮರುದಿನ ಬಿಳಿ ಅಂಗಿ ತೊಟ್ಟು ಕಾರು ಹತ್ತಬಾರದೆಂಬ ವಿವೇಕ ಅಮೆರಿಕದ ಈ ಶುಗರ್ ಲ್ಯಾಂಡಿನಲ್ಲಿ ಮೂವತ್ತು ವರ್ಷ ಕಳೆದರೂ ನನಗೆ ಬಂದಿಲ್ಲ. ಸ್ಟಿಯರಿಂಗಿನ ಕುಂಕುಮ ತೋಳಿಗೆ ಬರುತ್ತದೆ, ತೋಳಿನದು ಹೇಗೋ ಮೂಗಿಗೆ ಏರುತ್ತದೆ. ಪೂಜೆಯ ದಿನ ನಮ್ಮ ಮನೆಯ ಫ್ರಿಜ್ಜು, ಲ್ಯಾಪ್‌ಟಾಪು, ಹುಲ್ಲು ಕತ್ತರಿಸುವ ಯಂತ್ರ ಎಲ್ಲವೂ ಸಾಲಂಕೃತ ಮುತ್ತೈದೆಯರೇ. ಅವುಗಳ ಸಾಲಿಗೆ ಒಮ್ಮೆ ಒಂದು ಬಂದೂಕೂ ಸೇರಿತು ನೋಡಿ, ಅಲ್ಲಿಂದ ನನ್ನ ಗ್ರಹಚಾರ ಶುರು.

ಅದು ಪಕ್ಕದ ಮನೆಯ ವಾಲ್ಟರನದು. ಅರಿವಳಿಕೆ ವೈದ್ಯನಾಗಿ ಆಯುಷ್ಯವೆಲ್ಲ ಮನುಷ್ಯರನ್ನು ಮಲಗಿಸಿ, ಒಂದು ಜಿಂಕೆಯನ್ನೂ ಮಲಗಿಸಲೊಲ್ಲದ ನನ್ನಂಥ ಸಸ್ಯಾಹಾರಿಯನ್ನು ಅವನು ಆಸ್ಟಿನ್ನಿನ ಆಚೆಯ ಗುಡ್ಡಗಳಿಗೆ ಬೇಟೆಗೆ ಕರೆದೊಯ್ಯುತ್ತಿದ್ದುದು ಬಹುಶಃ ನನ್ನ ಹೆಂಡತಿ ಕಟ್ಟಿಕೊಡುತ್ತಿದ್ದ ಪುಳಿಯೋಗರೆಗಾಗಿ. ನಾನು ಗುರಿಯಿಡುತ್ತಿದ್ದುದು ಖಾಲಿ ಡಬ್ಬಗಳಿಗೆ. ಆ ಡಬ್ಬಗಳೂ ದೀರ್ಘಾಯುಷಿಗಳು. ಹಿಡಿಯ ಕೆಳಗಿನ ಲಿವರನ್ನು ಎಳೆದು ಮೇಲೆತ್ತಿದರೆ ಮುಂದಿನ ಗುಂಡು ಸಜ್ಜಾಗುವ ಆ ಬಂದೂಕು ಅವನಪ್ಪನ ಕಾಲದ್ದು. ಮಜ್ಜಿಗೆಯಲ್ಲಿ ಕಡೆಗೋಲು ಆಡಿದಷ್ಟು ನಯವಾಗಿ ಲಿವರು ಆಡುತ್ತಿತ್ತು. ಆ ಚಳಿಗಾಲದ ಬೆಳಗುಗಳು ಈಗಲೂ ಬೇಕೆನ್ನಿಸುತ್ತವೆ.

ಕಣ್ಣು ಮಂಜಾಗತೊಡಗಿದಾಗ ವಾಲ್ಟರ್ ಡಲ್ಲಾಸಿನ ಮಗಳ ಮನೆಗೆ ಶಿಫ್ಟ್ ಆದ. ಮೊಮ್ಮಗಳು ಬೇಟೆ ಕಲಿಯುವ ತನಕ ಜೋಪಾನ ಮಾಡೆಂದು ಬಂದೂಕನ್ನು ನನಗೊಪ್ಪಿಸಿದ. ಆ ವರ್ಷ ಆಯುಧಪೂಜೆಗೆ ಹೆಂಡತಿ, "ರೀ, ಮಿಕ್ಸಿಗೆಲ್ಲ ಇಡ್ತೀರಿ, ಮನೇಲಿರೋ ನಿಜವಾದ ಆಯುಧಕ್ಕೇ ಬೊಟ್ಟಿಲ್ವಲ್ರೀ!" ಎಂದಳು. ಕುಂಕುಮವನ್ನು ನೀರಲ್ಲಿ ಕಲಸಿ ಉಕ್ಕಿನ ಮೈಗೆ ಧಾರಾಳವಾಗಿ ಇಟ್ಟೆ. ಇಟ್ಟ ಕುಂಕುಮ ಒರೆಸುವುದು ಅಶುಭವೆಂದು ಹಾಗೇ ಚೀಲದಲ್ಲಿಟ್ಟು ಕಪಾಟಿಗೆ ಬೀಗ ಹಾಕಿದೆ. ಮರುವರ್ಷ ತೆರೆದರೆ, ಅಯ್ಯೋ! ಬೊಟ್ಟಿದ್ದ ಕಡೆ ತುಕ್ಕು ತಿಂದು ಗುಳಿ ಬಿದ್ದಿತ್ತು. ಸ್ನೇಹಿತ ನಂಬಿ ಕೊಟ್ಟದ್ದನ್ನು ಭಕ್ತಿಯಿಂದಲೇ ಹಾಳುಮಾಡಿದ್ದೆ.

ಹ್ಯೂಸ್ಟನ್ನಿನ ಬಂದೂಕು ರಿಪೇರಿಯವನು ತುಕ್ಕು ತೆಗೆದು, ಉಜ್ಜಿ, ಗುಳಿ ಮುಚ್ಚಿ ಹೊಸದರಂತೆ ಮಾಡಬಲ್ಲೆನೆಂದ. ಆದರೆ ಎರಡು ತಲೆಮಾರಿನ ಅಂಗೈ ಸವೆಸಿ ತಂದ ಹೊಳಪೂ ಹೋಗುತ್ತದಂತೆ. ಹೋಲಿಸಿ ನೋಡಲೆಂದು ಅದೇ ಬಗೆಯ ಹೊಸದೊಂದನ್ನು ಕೈಗಿತ್ತ. ಸುಳ್ಳೇಕೆ ಹೇಳಲಿ, ಗುರಿಯಲ್ಲಿ ಹೊಸದು ಕಡಿಮೆಯೇನಲ್ಲ; ಗುಂಡು ಆಕಸ್ಮಿಕವಾಗಿ ಹಾರದಂತೆ ತಡೆಯುವ ಗುಂಡಿಯೂ ಇದೆ. ಆದರೆ ಲಿವರು ಗರಗರ ಎನ್ನುತ್ತದೆ, ಮರ ವಾರ್ನಿಷಿನಡಿ ಉಸಿರುಗಟ್ಟಿದೆ. ಇದು ನಿವೃತ್ತನ ಪಕ್ಷಪಾತವೂ ಇರಬಹುದು, ನನ್ನ ಮೊಣಕಾಲೂ ಗರಗರ ಎನ್ನುತ್ತದಲ್ಲ. ತುಕ್ಕನ್ನಷ್ಟೇ ತೆಗೆಸಿ, ಗುಳಿಯನ್ನು ಹಾಗೇ ಬಿಟ್ಟು ಡಲ್ಲಾಸಿಗೆ ಡ್ರೈವ್ ಮಾಡಿದೆ. ದಾರಿಯುದ್ದಕ್ಕೂ ಕ್ಷಮಾಪಣೆಯ ಪಾಠ ಉರುಹೊಡೆದೆ.

ಅಷ್ಟರಲ್ಲಿ ಮೊಮ್ಮಗಳು ತನಗೆಂದು ಅದೇ ಬಗೆಯ ಹೊಸ ಬಂದೂಕು ಕೊಂಡಿದ್ದಳು. ಎರಡನ್ನೂ ಗುಂಡಿಲ್ಲವೆಂದು ಖಾತ್ರಿಮಾಡಿಕೊಂಡು ತಾತನ ತೊಡೆಯ ಮೇಲಿಟ್ಟಳು. ವಾಲ್ಟರನಿಗೆ ಈಗ ಬೆಳಕು ಬಿಟ್ಟರೆ ಬೇರೇನೂ ಕಾಣದು. ಹಳೆಯದರ ಮೇಲೆ ಆಡುತ್ತಿದ್ದ ಹೆಬ್ಬೆರಳು ಗುಳಿಗೆ ತಾಗಿ ನಿಂತಿತು.

"ಇದು ನಂದಲ್ಲ ಡಾಕ್. ನಂದರಲ್ಲಿ ಈ ಗುಳಿ ಇರಲಿಲ್ಲ."

ಅಪ್ಪನ ಬಂದೂಕಿನ ಗುರುತೇ ಅವನಿಗೆ ಸಿಗದಂತೆ ಮಾಡಿದ ಪಾಪ ನನ್ನದು. ಕಲಿತ ಪಾಠವೆಲ್ಲ ಮರೆತುಹೋಗಿ ಲಿವರು ಎಳೆಯೆಂದಷ್ಟೇ ಹೇಳಿದೆ. ಎಳೆದ. ಮುಖ ಅರಳಿತು. ಆಮೇಲೆ ಕುಂಕುಮದ ಕಥೆಯನ್ನೆಲ್ಲ ಒಪ್ಪಿಕೊಂಡೆ.

ಮೊಮ್ಮಗಳು ಗುಳಿ ಮುಚ್ಚಿಸಲು ರಿಪೇರಿಗೆ ಕೊಡೋಣವೆಂದಳು. ವಾಲ್ಟರ್ ಹೆಬ್ಬೆರಳು ತೆಗೆಯಲಿಲ್ಲ.

"ಮುಟ್ಟಬೇಡ. ಎರಡರಲ್ಲಿ ನಂದು ಯಾವುದು ಅಂತ ಇನ್ಮೇಲೆ ನಂಗೆ ಹ್ಯಾಗೆ ಗೊತ್ತಾಗಬೇಕು?"

ಈ ವರ್ಷದ ಆಯುಧಪೂಜೆ ಡಲ್ಲಾಸಿನಲ್ಲೇ ಆಯಿತು. ಹೊಸ ಬಂದೂಕಿಗಿಟ್ಟ ಬೊಟ್ಟನ್ನು ಮರುಗಳಿಗೆಯೇ ಒರೆಸಿ ಎಣ್ಣೆ ಹಚ್ಚಿದೆ, ಗುರುತು ಒಂದಕ್ಕೇ ಇರಲೆಂದು. ಮರುದಿನ ಹೊರಡುವಾಗ ಬಿಳಿ ಅಂಗಿಯ ತೋಳಿಗೆ ಎಂದಿನಂತೆ ಸ್ಟಿಯರಿಂಗಿನ ಕುಂಕುಮ ಹತ್ತಿತು. ಅದನ್ನು ಮಾತ್ರ ಒರೆಸಿಕೊಳ್ಳಲಿಲ್ಲ.