ಕೆಳಗಿನ ಮನೆ ಭೋಗ್ಯಕ್ಕೆ

ಮನೆ ಕಟ್ಟಿ ನೋಡು ಅಂತ ಗಾದೆ ಮಾಡಿದವರು, ನೋಡಿಯಾದ ಮೇಲೆ ಏನು ಮಾಡಬೇಕು ಅಂತ ಹೇಳಿ ಹೋಗಲಿಲ್ಲ. ವಸಂತಪುರದ ಒಳರಸ್ತೆಯಲ್ಲಿ ನಮ್ಮದು ಇಪ್ಪತ್ತು-ಮೂವತ್ತರ ಸೈಟು. ನಾನು ಖಾಸಗಿ ಶಾಲೆಯ ಟೀಚರು, ಗಂಡ ಔಷಧಿ ಅಂಗಡಿಯಲ್ಲಿ ಸಂಬಳಕ್ಕಿರುವವರು. ಬ್ಯಾಂಕಿನ ಸಾಲ, ನನ್ನ ಬಳೆ, ಅವರ ಪಿ.ಎಫ್. ಎಲ್ಲ ಸುರಿದು ಎರಡು ಅಂತಸ್ತು ಎಬ್ಬಿಸಿದೆವು. ಮೇಲಿನ ತಾರಸಿ ಹಾಕಿದ ವಾರಕ್ಕೇ ಕೈ ಖಾಲಿ. ನೆಲ, ಬಾಗಿಲು, ವೈರಿಂಗು ಎಲ್ಲ ಬಾಕಿ.

ಮೇಸ್ತ್ರಿ ಬೀಡಿ ಆರಿಸಿ ದಾರಿ ಹೇಳಿಕೊಟ್ಟ. ಕೆಳಗಿನ ಮನೆಯನ್ನು ಭೋಗ್ಯಕ್ಕೆ ಹಾಕುವುದು. ಬರುವವರು ಒಂದೇ ಗಂಟಾಗಿ ದುಡ್ಡು ಕೊಡುತ್ತಾರೆ, ಮೂರು ವರ್ಷ ಬಾಡಿಗೆಯಿಲ್ಲದೆ ಇರುತ್ತಾರೆ, ಹೋಗುವಾಗ ಆ ಗಂಟನ್ನು ನಾವು ವಾಪಸ್ ಕೊಡಬೇಕು. ಆ ದುಡ್ಡಲ್ಲಿ ಎರಡು ಮನೆಯೂ ಮುಗಿಯುತ್ತದೆ. ಈ ಕಡೆ ಅರ್ಧಕ್ಕರ್ಧ ಮನೆಗಳು ಹೀಗೇ ಮುಗಿದಿವೆ ಅಂದ.

ನನಗೆ ಮೈಯೆಲ್ಲ ಉರಿದುಹೋಯಿತು. ಕೆಳಗಿನ ಮನೆ ನಮ್ಮ ಅತ್ತೆಗೆಂದೇ ಕಟ್ಟಿಸಿದ್ದು. ಅವರಿಗೆ ಎರಡೂ ಮಂಡಿ ಸವೆದಿವೆ. ಬಚ್ಚಲ ಬಾಗಿಲನ್ನು ಅರ್ಧ ಅಡಿ ಅಗಲ ಮಾಡಿಸಲು ನಾನು ಇದೇ ಮೇಸ್ತ್ರಿಯ ಹತ್ತಿರ ಎರಡು ದಿನ ಜಗಳ ಆಡಿದ್ದೆ. ಮೇಲಿನದನ್ನೇ ಕೊಡೋಣ ಅಂದೆ. ಬಂದ ಒಬ್ಬನೇ ಗಿರಾಕಿ ಟೈಲರ್, ಅವನಿಗೆ ಬೀದಿಗೆ ಕಾಣುವ ಕೆಳಗಿನ ಮನೆಯೇ ಬೇಕು. ನಮ್ಮವರೋ, ತಾಯಿಗೆ ಹೇಳಲು ಧೈರ್ಯ ಸಾಲದೆ ಪೇಪರ್ ಹಿಡಿದು ಕೂತರು. ಇವರ ಧೈರ್ಯ ನನಗೆ ಗೊತ್ತಿಲ್ಲವೇ. ನಾನೇ ಹೋಗಿ ಹೇಳಿದೆ.

ಅತ್ತೆ ಹುರುಳಿಕಾಯಿ ಬಿಡಿಸುವುದನ್ನು ನಿಲ್ಲಿಸಲಿಲ್ಲ. ಆಗಲಿ, ಒಂದು ಸಲ ಹತ್ತಿಬಿಟ್ಟರೆ ಆಯಿತು ಅಂದರು.

ಗೃಹಪ್ರವೇಶದ ದಿನ ಕುರ್ಚಿಯಲ್ಲಿ ಎತ್ತಿಕೊಂಡು ಹೋಗುತ್ತೇವೆ ಅಂದರೆ ಒಪ್ಪಲಿಲ್ಲ. ರೇಷ್ಮೆ ಸೀರೆ ಉಟ್ಟುಕೊಂಡು, ಒಂದೊಂದು ಮೆಟ್ಟಿಲ ಮೇಲೂ ಕೂತು, ಹಿಂದಕ್ಕೆ ಜರುಗಿ ಜರುಗಿ ಹದಿನೆಂಟು ಮೆಟ್ಟಿಲು ಹತ್ತಿದರು. ಪುರೋಹಿತರು ಮುಹೂರ್ತ ಮೀರುತ್ತಿದೆ ಅಂತ ಗೊಣಗಿದರು. ನಾನು ಅವರನ್ನು ದುರುಗುಟ್ಟಿಕೊಂಡು ನೋಡಿದೆ.

ಆಮೇಲೆ ಮೂರು ವರ್ಷದಲ್ಲಿ ಅತ್ತೆ ಕೆಳಗಿಳಿದದ್ದು ಡಾಕ್ಟರ ಹತ್ತಿರ ಹೋಗಲು ಮಾತ್ರ. ಸ್ವಂತ ಮನೆ ಅಂತ ಆಸೆ ತೋರಿಸಿ ಮುದುಕಿಯನ್ನು ಅಟ್ಟಕ್ಕೆ ಹಾಕಿದೆನಲ್ಲ ಅಂತ ಅನ್ನಿಸದ ದಿನವಿಲ್ಲ. ಚೀಟಿ ಹಾಕಿದೆ, ಸಂಜೆ ಮನೆಪಾಠ ಹೇಳಿದೆ, ಮೂರು ಹಬ್ಬಕ್ಕೆ ಸೀರೆ ಕೊಳ್ಳಲಿಲ್ಲ. ಈ ವರ್ಷ ಭೋಗ್ಯದ ಅವಧಿ ಮುಗಿಯುವ ಹೊತ್ತಿಗೆ ಟೈಲರಿಗೆ ಕೊಡಬೇಕಾದ ಗಂಟು ಕೂಡಿತ್ತು. ಅವತ್ತು ನನ್ನಷ್ಟು ಬೀಗಿದವರು ವಸಂತಪುರದಲ್ಲೇ ಇರಲಿಲ್ಲ. ಮುಂದಿನ ತಿಂಗಳು ಕೆಳಗೆ ಹೋಗೋಣ ಅತ್ತೆ ಅಂದೆ.

"ನಾನು ಬರಲ್ಲ," ಅಂದರು.

ಮಂಡಿ ನೋವಿನ ಭಯವೇನೋ ಅಂದುಕೊಂಡು, ಇಳಿಸುವ ಜವಾಬ್ದಾರಿ ನನ್ನದು ಅಂದೆ.

"ಮಂಡಿ ಮನೆ ಹಾಳಾಗ. ಜಯನಗರದಲ್ಲಿ ನಾಲ್ಕು ಬಾಡಿಗೆ ಮನೇಲಿದ್ದೆ ಕಣೇ. ನಾಲ್ಕರಲ್ಲೂ ಓನರ್ ಮೇಲೆ, ನಾವು ಕೆಳಗೆ. ನಲವತ್ತು ವರ್ಷ ತಲೆ ಮೇಲೆ ಅವರ ಕಾಲ್ಸಪ್ಪಳ ಕೇಳ್ಕೊಂಡೇ ಇದ್ದೀನಿ, ಒಂದಿನ ಬಾಯಿ ಬಿಟ್ಟಿಲ್ಲ. ಈಗ ನಾನು ಮೇಲೆ ಬಂದಿದ್ದೀನಿ. ಟೈಲರೇ ಬಾಡಿಗೆಗೆ ಇರ್ಲಿ, ನಾನಂತೂ ಇಳಿಯಲ್ಲ."

ಅಯ್ಯೋ, ಮೂರು ವರ್ಷ ನಾನು ಪಟ್ಟ ಸಂಕಟವೆಲ್ಲ ನೀರಲ್ಲಿ ಹೋಮ. ನಗುವುದೋ ಅಳುವುದೋ ತಿಳಿಯದೆ ಎರಡನ್ನೂ ಮಾಡಿದೆ. ಟೈಲರ್ ಉಳಿದುಕೊಂಡ. ಬಾಡಿಗೆ ಬ್ಯಾಂಕಿನ ಕಂತಿಗೆ ಆಗುತ್ತದೆ.

ಸಂಜೆ ಗಂಡ ಅಂಗಡಿಯಿಂದ ಬಂದು ಚಪ್ಪಲಿ ಬಿಡುತ್ತಿದ್ದರು. ಅತ್ತೆ ತಮ್ಮ ಊರುಗೋಲನ್ನು ಮಗನ ಮುಂದೆ ಹಿಡಿದರು.

"ತುದೀಲಿ ರಬ್ಬರ್ ಸವೆದುಹೋಗಿದೆ ನೋಡು. ನಾಳೆ ಹೊಸದು ತಗೊಂಡು ಬಾ. ಕೆಳಗಿರೋರಿಗೆ ಸದ್ದು ಕೇಳಬಾರದು."